ಜಯಕ್ಕನಿಗೆ ಕಣ್ಣು ಬಂದ ವರ್ಷ

ಹೋದ ತಿಂಗಳು ನಮ್ಮ ಯಜಮಾನರಿಗೆ ಓದುವ ಕನ್ನಡಕ ಬೇಕಾಗಿ ತಿಪಟೂರಿಗೆ ಕರೆದುಕೊಂಡು ಹೋಗಿದ್ದೆ. ಅಕ್ಷರದ ಹಲಗೆ ಓದಿಸಿದ ಮೇಲೆ ಡಾಕ್ಟರು ಅವರ ಎದುರಿಗೆ ಕೂತು, "ನನ್ನ ಮೂಗನ್ನೇ ನೋಡ್ತಾ ಇರಿ, ಕಣ್ಣು ಆ ಕಡೆ ಈ ಕಡೆ ತಿರುಗಿಸಬೇಡಿ. ಪಕ್ಕದಲ್ಲಿ ಎಷ್ಟು ಬೆರಳು ಹೇಳಿ" ಎಂದು ಎರಡೂ ಕೈ ಅಗಲಿಸಿದರು. ಯಜಮಾನರು ಥಟ್ಟನೆ "ಎರಡು" ಎಂದರು. ಡಾಕ್ಟರು "ಸರಿ" ಎಂದು ಚೀಟಿ ಬರೆಯತೊಡಗಿದರು. ನಾನು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟೆ. ಅಂಥದ್ದೇ ಒಂದು ಕೋಣೆಯಲ್ಲಿ, ಅದೇ ಪ್ರಶ್ನೆಗೆ, ನಮ್ಮ ಜಯಕ್ಕ "ಎಲ್ಲಿ ಬೆರಳು?" ಎಂದು ಕೇಳಿದ್ದು ನೆನಪಾಯಿತು. ನಾಲ್ಕು ವರ್ಷವಾದರೂ ಆ ವರ್ಷದ ಸುಸ್ತು ನನ್ನ ಮೈಯಿಂದ ಪೂರ್ತಿ ಇಳಿದಿಲ್ಲ.

ಜಯಕ್ಕ ನನ್ನ ಓರಗಿತ್ತಿ. ನಮ್ಮ ಯಜಮಾನರ ಅಣ್ಣ ಶಿವಣ್ಣನ ಹೆಂಡತಿ. ನಮ್ಮೂರು ಮಾಯಸಂದ್ರದಿಂದ ಮೂರು ಮೈಲಿ ಒಳಗೆ. ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು. ನಾನು ಊರಿನ ಅಂಚೆ ಕಚೇರಿ ನೋಡಿಕೊಳ್ಳುತ್ತೇನೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೆವು. ಅಂಗಳ ಒಂದೇ, ನಲ್ಲಿ ಒಂದೇ, ಬೀದಿಗೆ ಇಳಿಯುವ ಗೇಟೂ ಒಂದೇ. ಮಾತು ಮಾತ್ರ ಇರಲಿಲ್ಲ. ನಮ್ಮ ಅತ್ತೆ ತೀರಿಕೊಂಡದ್ದು ನಮ್ಮ ಪಾಲಿನ ಮನೆಯಲ್ಲಿ. ತಿಥಿಯ ದಿನ ಬಂದವರ ಮುಂದೆ ಜಯಕ್ಕ, "ಅತ್ತೆಗೆ ಒಂದು ಲೋಟ ಗಂಜಿ ಕುಡ್ಸೋಕೂ ಅವಳಿಗೆ ಆಪೀಸಿನ ಟೈಮು ಅಡ್ಡ ಬರ್ತಿತ್ತು" ಅಂದಿದ್ದರು. ನಾನು ಅದನ್ನು ಮರೆಯಲಿಲ್ಲ. ಅವರು ಹೇಳಿದ್ದು ತಪ್ಪಾಯಿತು ಅನ್ನಲೂ ಇಲ್ಲ. ಹೀಗೆ ಮೂರು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತ, ಮುಖ ನೋಡದೆ ಬದುಕಿದ್ದೆವು.

ನಾನು ಹೇಳುತ್ತಿರುವ ವರ್ಷಕ್ಕೆ ಎರಡು ವರ್ಷ ಹಿಂದೆ ಜಯಕ್ಕನಿಗೆ ಎದೆಯ ಕ್ಯಾನ್ಸರ್ ಆಗಿ, ಬೆಂಗಳೂರಿನಲ್ಲಿ ಒಂದು ಸ್ತನ ತೆಗೆಸಿ, ಕೂದಲು ಉದುರುವ ಇಂಜೆಕ್ಷನ್ನು, ಕರೆಂಟು ಅನ್ನುವ ರೇಡಿಯೇಷನ್ನು ಎಲ್ಲ ಕೊಡಿಸಿದ್ದರು. ವಾಸಿಯಾಯಿತು ಎಂದೇ ಎಲ್ಲರೂ ತಿಳಿದಿದ್ದೆವು. ಕೂದಲು ಮೊದಲಿಗಿಂತ ದಟ್ಟವಾಗಿ, ಗುಂಗುರಾಗಿ ಬಂದಿತ್ತು. ದಿನಕ್ಕೊಂದು ಮಾತ್ರೆ ನುಂಗಿಕೊಂಡು ತೋಟ, ಕೊಟ್ಟಿಗೆ, ಕೊಬ್ಬರಿ ಕೆಲಸ ಎಲ್ಲ ಮಾಡುತ್ತಿದ್ದರು.

ಆ ಆಷಾಢದಲ್ಲಿ ಗಾಳಿ ವಿಪರೀತ. ಹಗಲೆಲ್ಲ ತೋಟದಲ್ಲಿ ಗರಿ ಬೀಳುವ ಸದ್ದು. ಮಳೆ ಮೋಡ ಕಟ್ಟುವುದು, ಗಾಳಿ ಅದನ್ನು ಎತ್ತಿಕೊಂಡು ಹೋಗುವುದು. ನಾನು ಅಂಚೆ ಕಚೇರಿಯಿಂದ ಬಂದು ಅಂಗಳದಲ್ಲಿ ನಿಂತಿದ್ದರೆ ಜಯಕ್ಕ ನನ್ನ ಮಗ್ಗುಲಲ್ಲೇ, ಒಂದು ಮೊಳ ದೂರದಲ್ಲಿ, ತಲೆಯನ್ನೂ ತಿರುಗಿಸದೆ ಹೋಗುತ್ತಿದ್ದರು. ಮುಖ ನೋಡುತ್ತಿರಲಿಲ್ಲ ಎಂಬುದು ಹಳೆಯದು. ಆದರೆ ಅಲ್ಲೊಬ್ಬಳು ನಿಂತಿದ್ದಾಳೆ ಎಂಬ ಗುರುತೇ ಇಲ್ಲದಂತೆ ಹೋಗುವುದು ಹೊಸದು. ಅವರ ಬಿಂದಿಗೆ ಗೇಟಿನ ಕಂಬಕ್ಕೆ ಎರಡು ಸಲ ಬಡಿದು ನಗ್ಗಿತು. ಒಂದು ದಿನ ನಾನು ಅಂಗಳದಲ್ಲಿ ಹುರುಳಿ ಒಣಹಾಕಿದ್ದೆ. ಅದರ ಅಂಚನ್ನು ತುಳಿದು, ಅರ್ಧ ಹುರುಳಿ ಮಣ್ಣುಪಾಲು ಮಾಡಿ, ತಿರುಗಿಯೂ ನೋಡದೆ ಹೋದರು.

ನನಗೆ ಉರಿದುಹೋಯಿತು. ಪೊರಕೆ ಹಿಡಿದು ಹುರುಳಿ ಗುಡಿಸುತ್ತ, ಅವರ ಕಿವಿಗೆ ಬೀಳುವ ಹಾಗೆ ಗೋಡೆಗೆ ಹೇಳಿದೆ: "ಕೆಲವ್ರಿಗೆ ಕಣ್ಣು ನೆತ್ತಿಗೇರಿಬಿಟ್ಟೈತೆ."

ಜಯಕ್ಕ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಹೋದರು. ಹೋಗುವಾಗ ಭುಜ ಬಾಗಿಲ ಚೌಕಟ್ಟಿಗೆ ತಾಗಿತು. ಅದನ್ನೂ ನೋಡಿದೆ. ಕೋಪಕ್ಕೆ ತಾಗಿಸಿಕೊಂಡರು ಅಂದುಕೊಂಡೆ.

ಇನ್ನೊಂದು ವಿಷಯವನ್ನೂ ಗಮನಿಸಿದ್ದೆ. ಅವರು ಮೇಲಿಂದ ಮೇಲೆ ನಲ್ಲಿಗೆ ಬಂದು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಕುಡಿದಷ್ಟೇ ಸಲ ಹಿತ್ತಲಿಗೆ ಹೋಗುತ್ತಿದ್ದರು. ಸಕ್ಕರೆ ಕಾಯಿಲೆ ಇರಬೇಕು ಎಂದು ಯಜಮಾನರಿಗೆ ಹೇಳಿದೆ. "ನೀನೇ ಕೇಳು" ಅಂದರು. ನಾನು ಕೇಳಲಿಲ್ಲ.

ಶ್ರಾವಣದ ಎರಡನೇ ವಾರ. ಅವರ ಅಟ್ಟದಿಂದ ತೆಂಗಿನಕಾಯಿ ಇಳಿಸಿ, ಸಿಪ್ಪೆ ಸುಲಿಸಿ, ಜಗಲಿಯ ಮೇಲೆ ಗುಡ್ಡೆ ಹಾಕಿದ್ದರು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ತಟ್ಟಿ, ಒಳಗಿನ ಕೊಬ್ಬರಿ ಒಡೆಯದಂತೆ ಇಡೀ ಉಂಡೆಯನ್ನು ತೆಗೆಯುವುದರಲ್ಲಿ ಜಯಕ್ಕನನ್ನು ಬಿಟ್ಟರಿಲ್ಲ ಎಂದು ಊರೇ ಹೇಳುತ್ತಿತ್ತು. ನೂರಕ್ಕೆ ಒಂದು ಒಡೆದರೆ ಹೆಚ್ಚು. ಆ ದಿನ ಅವರ ಬುಟ್ಟಿಯಲ್ಲಿ ಉಂಡೆಗಿಂತ ಹೋಳೇ ಹೆಚ್ಚಿದ್ದವು. ನಾನು ಒಳಗೆ ಅಡುಗೆ ಮಾಡುತ್ತಿದ್ದೆ. ಗೋಡೆಯ ಆ ಕಡೆಯಿಂದ ಭಾವ ಶಿವಣ್ಣ ಕೂಗಿದರು: "ಸುಜಾತಾ, ಒಸಿ ಬಾರಮ್ಮ ಇಲ್ಲಿ."

ಮೂರು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಜಯಕ್ಕನ ಎಡಗೈ ಹೆಬ್ಬೆರಳು ಸೀಳಿತ್ತು. ಸೆರಗೆಲ್ಲ ರಕ್ತ. ಭಾವ ರಕ್ತ ನೋಡಿದರೆ ತಲೆ ಸುತ್ತುವ ಮನುಷ್ಯ. ಗೋಡೆಗೆ ಒರಗಿ ಕೂತಿದ್ದರು. ನಾನು ಬಟ್ಟೆ ಸುತ್ತಿ, ಕೈ ಮೇಲೆತ್ತಿ ಹಿಡಿದು, ನೀರಿನ ಲೋಟ ಅವರ ಬಲಮಗ್ಗುಲಿಂದ ಚಾಚಿದೆ.

"ಕುಡೀರಿ ಅಕ್ಕ."

ಅವರು ನೇರಕ್ಕೆ ನೋಡುತ್ತಿದ್ದರು. "ಕೊಡು" ಅಂದರು.

"ಕೊಟ್ಟಿದೀನಲ್ಲ, ಹಿಡ್ಕಳಿ."

"ಎಲ್ಲೇ?"

ಲೋಟ ಅವರ ಭುಜದ ಪಕ್ಕದಲ್ಲೇ ಇತ್ತು. ನಿಧಾನವಾಗಿ ಮುಂದಕ್ಕೆ ತಂದೆ. ಮೂಗಿನ ನೇರಕ್ಕೆ ಬರುವ ತನಕ ಅವರಿಗೆ ಅದು ಇರಲಿಲ್ಲ. ಎಡಗಡೆಯಿಂದಲೂ ಹಾಗೇ ಮಾಡಿ ನೋಡಿದೆ. ಅದೇ ಕತೆ.  ಬಿಂದಿಗೆ, ಗೇಟು, ಹುರುಳಿ, ಬಾಗಿಲ ಚೌಕಟ್ಟು ಎಲ್ಲ ಒಂದಾದ ಮೇಲೊಂದು ಬಂದು ಎದುರಿಗೆ ನಿಂತವು.

"ಎಷ್ಟು ದಿನದಿಂದ ಅಕ್ಕ ಹಿಂಗೆ?"

"ಉಗಾದಿ ಆದ್ಮೇಲಿಂದ ಇರ್ಬೇಕು. ಎರಡೂ ಕಡೆ ಕದ ಹಾಕ್ದಂಗೆ. ವಯಸ್ಸಾಯ್ತು, ಪೊರೆ ಬಂದಿರ್ಬೇಕು ಅಂತ ಸುಮ್ನಿದ್ದೆ."

ಬೆರಳಿಗೆ ತುರುವೇಕೆರೆಯಲ್ಲಿ ಹೊಲಿಗೆ ಹಾಕಿಸಿ, ಎರಡು ದಿನ ಬಿಟ್ಟು ತಿಪಟೂರಿನ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅಲ್ಲೇ ಅವರು "ಎಲ್ಲಿ ಬೆರಳು?" ಎಂದು ಕೇಳಿದ್ದು. ಡಾಕ್ಟರು ಬಹಳ ಹೊತ್ತು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಪೊರೆಯಿಂದ ಹೀಗಾಗುವುದಿಲ್ಲ ಅಂದರು. ಆಮೇಲೆ ಲೈಟು ಆರಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, "ಈ ಮೊದಲು ಬೇರೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇನಮ್ಮ?" ಎಂದು ಕೇಳಿದರು. ಜಯಕ್ಕ ಸೆರಗನ್ನು ಎದೆಯ ಮೇಲೆ ಎಳೆದುಕೊಂಡರು. ಹೇಳಿದ್ದು ನಾನು.

ಅಲ್ಲಿಂದ ಶುರುವಾಯಿತು ಓಡಾಟ. ಅವರ ಒಬ್ಬಳೇ ಮಗಳು ಹಾಸನದ ಕಡೆ ಇದ್ದಳು, ಆಗ ತಾನೇ ಬಾಣಂತಿ. ಭಾವನಿಗೆ ಓದು ಬಾರದು, ಆಸ್ಪತ್ರೆಯ ವಾಸನೆಗೇ ಬೆವರುತ್ತಿದ್ದರು. ನಮ್ಮ ಯಜಮಾನರನ್ನು ಅಂಚೆ ಕಚೇರಿಗೆ ನನ್ನ ಬದಲಿಯಾಗಿ ಬರೆದುಕೊಟ್ಟು ನಾನು ಹೊರಟೆ. ಯಾರೂ ನನ್ನನ್ನು ಹೋಗು ಎನ್ನಲಿಲ್ಲ. ಜಯಕ್ಕ ಮಾತ್ರ ತಲೆದಿಂಬಿನ ಕೆಳಗಿಂದ ತಮ್ಮ ಹಳೆಯ ಕಾಗದಗಳ ಚೀಲ ತೆಗೆದು, "ಇವೆಲ್ಲ ನಿನ್ತಾವೇ ಇರ್ಲಿ" ಎಂದು ನನ್ನ ಕೈಗಿಟ್ಟರು.

ಬೆಂಗಳೂರಿನ ಬಸ್ಸಿನಲ್ಲಿ ಅರ್ಧ ಗಂಟೆಗೊಮ್ಮೆ ಅವರಿಗೆ ಇಳಿಯಬೇಕಾಗುತ್ತಿತ್ತು. ಅಷ್ಟು ನೀರಡಿಕೆ, ಅಷ್ಟೇ ಅವಸರ. ಕುಣಿಗಲ್ ದಾಟಿದ ಮೇಲೆ ಮೂರನೇ ಸಲ ಬಸ್ಸು ನಿಲ್ಲಿಸಿದಾಗ ಹಿಂದೆ ಕೂತವರು ಗೊಣಗಿದರು. ಕಂಡಕ್ಟರು, "ಇಳೀರಮ್ಮ, ನಿಧಾನ. ನಾನು ನಿಲ್ಸಿರ್ತೀನಿ" ಅಂದ. ಜಯಕ್ಕ ನನ್ನ ಮೊಣಕೈ ಹಿಡಿದು ಇಳಿದರು. ಮುಳ್ಳಿನ ಗಿಡದ ಮರೆಯಲ್ಲಿ ಅವರಿಗೆ ಸೀರೆಯ ಮರೆ ಹಿಡಿದು ನಿಂತಾಗ, ಮೂರು ವರ್ಷದ ಮುನಿಸನ್ನು ಎಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ. ಸುಸ್ತಾಗಿತ್ತು. ಬಸ್ಸಿಗೆ ಹಿಂತಿರುಗಿ ಒಂದೇ ಸೀಟಿನಲ್ಲಿ ಒರಗಿ ಇಬ್ಬರೂ ನಿದ್ದೆ ಹೋದೆವು.

ಸ್ಕ್ಯಾನು, ಮತ್ತೊಂದು ಸ್ಕ್ಯಾನು, ರಕ್ತ. ಕೂತು ಕೂತು ಬೆಂಚಿನ ಗುರುತು ತೊಡೆಯ ಮೇಲೆ ಮೂಡುತ್ತಿತ್ತು. ಕೊನೆಗೆ ತಲೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು, ನಲವತ್ತರ ಆಸುಪಾಸಿನ ಹೆಂಗಸು, ನಮ್ಮನ್ನು ಕೂರಿಸಿಕೊಂಡು ಹೇಳಿದರು. ಭಾವನೂ ಆ ದಿನ ಬಂದಿದ್ದರು. ಎದೆಯಲ್ಲಿದ್ದ ಕ್ಯಾನ್ಸರು ರಕ್ತದಲ್ಲಿ ಹರಿದುಹೋಗಿ, ಮೂಗಿನ ಹಿಂದೆ, ಮಿದುಳಿನ ತಳದಲ್ಲಿರುವ ಒಂದು ಸಣ್ಣ ಗ್ರಂಥಿಯಲ್ಲಿ ಬೇರು ಬಿಟ್ಟಿದೆ. ನೀರಡಿಕೆ ಅದರಿಂದಲೇ. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ ಸರಿಯಾಗಿ ಅದರ ಮೇಲಿದೆ. ಗಡ್ಡೆ ಕೆಳಗಿನಿಂದ ಆ ನರಗಳನ್ನು ಒತ್ತುತ್ತಿದೆ. ಪಕ್ಕದ ನೋಟ ಮೊದಲು ಹೋಗುತ್ತದೆ, ಆಮೇಲೆ ಉಳಿದದ್ದು. ಬೆನ್ನು ಮೂಳೆಯಲ್ಲೂ ಶ್ವಾಸಕೋಶದಲ್ಲೂ ಒಂದೊಂದು ಚುಕ್ಕೆ ಇದೆ.

"ಆಪರೇಷನ್ ಮಾಡಿದ್ರೆ ವಾಸಿ ಆಗ್ತದಾ?" ಭಾವ ಕೇಳಿದರು.

"ಕ್ಯಾನ್ಸರ್ ವಾಸಿ ಆಗಲ್ಲಪ್ಪ. ಅದನ್ನ ಮೊದಲೇ ಹೇಳಿಬಿಡ್ತೀನಿ. ಇದು ಕಣ್ಣಿಗೋಸ್ಕರ ಮಾಡೋ ಆಪರೇಷನ್. ಮೂಗಿನ ಒಳಗಿಂದ ಹೋಗಿ, ನರದ ಮೇಲಿರೋ ಭಾರ ತೆಗೀತೀವಿ. ಪೂರ್ತಿ ಗಡ್ಡೆ ತೆಗೆಯೋಕಾಗಲ್ಲ. ಉಳಿದದ್ದಕ್ಕೆ ಕರೆಂಟು ಕೊಡ್ತೀವಿ."

"ಬರೀ ಕರೆಂಟೇ ಕೊಟ್ರೆ?"

"ಅದು ನಿಧಾನ. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಬಹುದು."

"ಆಪರೇಷನ್ ಮಾಡಿದ್ರೆ ಕಣ್ಣು ಬಂದೇ ಬರ್ತದಾ?"

"ಬರಬಹುದು. ಇದ್ದಷ್ಟೇ ಉಳಿಯಬಹುದು. ಕೆಲವೊಮ್ಮೆ ಇರೋದೂ ಹೋಗೋ ಅಪಾಯ ಇದೆ. ಮೂಗಿನಿಂದ ಮಿದುಳಿನ ನೀರು ಸೋರಬಹುದು, ಸೋಂಕು ಆಗಬಹುದು. ಇದೆಲ್ಲ ಗೊತ್ತಿದ್ದೇ ನೀವು ತೀರ್ಮಾನ ಮಾಡಬೇಕು."

ಆಸ್ಪತ್ರೆಯ ಹೊರಗೆ ಒಂದು ಹೊಂಗೆ ಮರದ ಕೆಳಗೆ ಮೂವರೂ ಕೂತೆವು. ಭಾವ ತಲೆ ಬಗ್ಗಿಸಿ ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತಿದ್ದರು. "ಬ್ಯಾಡ" ಅಂದರು. "ವಾಸಿಯಾಗದ ಕಾಯಿಲೆಗೆ ತಲೆ ಒಳಗೆ ಕೈ ಹಾಕ್ಸಾದು ಬ್ಯಾಡ. ಕಣ್ಣು ಹೋದ್ರೆ ಹೋಯ್ತು. ನಾನಿಲ್ವಾ? ಕೈ ಹಿಡ್ಕಂಡು ಓಡಾಡಿಸ್ತೀನಿ."

ಜಯಕ್ಕ ಗಂಡನ ದನಿ ಬಂದ ಕಡೆಗೆ ಪೂರ್ತಿ ತಿರುಗಿ ಕೂತರು. ಈಗ ಹಾಗೆ ತಿರುಗಿದರೆ ಮಾತ್ರ ಅವರಿಗೆ ಮನುಷ್ಯ ಕಾಣುತ್ತಿದ್ದದ್ದು.

"ನೀವು ಎಷ್ಟು ಹೊತ್ತು ಹಿಡ್ಕಂತೀರಿ? ತೋಟಕ್ಕೆ ಹೋಗಲ್ವಾ? ಸಾಯೋದು ಯಾವಾಗಾದ್ರೂ ಸಾಯ್ತೀನಿ, ಅದನ್ನ ಅವ್ರೂ ಹೇಳಿದ್ರು. ಅಲ್ಲೀತಂಕ ನನ್ನ ತಟ್ಟೆಲಿ ಏನೈತೆ ಅಂತ ನಾನೇ ನೋಡ್ಬೇಕು. ಮನೆಗೆ ಬಂದೋರು ಯಾರು ಅಂತ ದನಿ ಕೇಳಿ ಗುರ್ತು ಹಿಡ್ಯೋದು ನನ್ ಕೈಲಿ ಆಗಲ್ಲ."

"ಏನಾರ ಹೆಚ್ಚು ಕಮ್ಮಿ ಆದ್ರೆ?"

"ಆದ್ರೆ ಆಗ್ಲಿ ಬುಡಿ. ಕತ್ತಲಾಗೆ ಕೂತ್ಕಂಡು ಕಾಯೋದಕ್ಕಿಂತ ವಾಸಿ."

ಭಾವ ನನ್ನ ಮುಖ ನೋಡಿದರು.  ಮಾತು ಸೇರಿಸಲು ನನಗೆ ಹಕ್ಕಿದೆ ಎಂದು ಅನ್ನಿಸಲಿಲ್ಲ. ಜಯಕ್ಕ ಒಪ್ಪಿಗೆಯ ಕಾಗದ ಎಲ್ಲಿ ಎಂದು ಕೇಳಿದರು. ನಾನು ಅದರಲ್ಲಿ ಬರೆದಿದ್ದನ್ನೆಲ್ಲ ಓದಿ ಹೇಳಿದೆ, ಕೆಟ್ಟದ್ದನ್ನೂ ಬಿಡದೆ. ಅವರು ಬೆರಳಿನಿಂದ ಗೆರೆ ತಡವಿ, ನಾನು ತೋರಿಸಿದ ಕಡೆ, ಹೊಲಿಗೆಯ ಗುರುತಿದ್ದ ಹೆಬ್ಬೆರಳಿಂದ ಹಾಳೆ ಒತ್ತಿಹಿಡಿದು, ಸೊಟ್ಟಗೆ "ಜಯಮ್ಮ" ಎಂದು ಬರೆದರು.

ಗೌರಿ ಹಬ್ಬ ಕಳೆದ ವಾರವೇ ಆಪರೇಷನ್ನು. ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಎರಡಾದರೂ ಕರೆಯಲಿಲ್ಲ. ಭಾವ ಒಂದು ಕಡೆ ಕೂರಲೊಲ್ಲರು. ಮೆಟ್ಟಿಲು ಇಳಿಯುವುದು, ಹತ್ತುವುದು. ನನಗೆ ಏಳಲೂ ಶಕ್ತಿ ಇರಲಿಲ್ಲ. ತಿಂಗಳಿಡೀ ಬಸ್ಸು, ಸಾಲು, ಚೀಟಿ, ಊರಿಗೆ ಹೋದರೆ ಎರಡು ಮನೆಯ ಹಸು, ಎರಡು ಮನೆಯ ಅಡುಗೆ. ಯಾವ ದೇವರಿಗೂ ಹರಸಿಕೊಳ್ಳುವಷ್ಟು ಮನಸ್ಸು ಓಡಲಿಲ್ಲ. ಗೋಡೆಗೆ ಒರಗಿ ಆ ಕೋಣೆಯ ಬಾಗಿಲ ಹಿಡಿಕೆಯನ್ನೇ ನೋಡುತ್ತ ಕೂತಿದ್ದೆ.

ಎರಡೂವರೆಗೆ ಡಾಕ್ಟರು ಬಂದರು. ಟೋಪಿಯ ಗುರುತು ಹಣೆಯ ಮೇಲೆ ಕೆಂಪಗಿತ್ತು. "ನರದ ಮೇಲಿನ ಒತ್ತಡ ತೆಗೆದಿದೀವಿ. ಬಲಗಣ್ಣಿನ ನರ ಚೆನ್ನಾಗಿದೆ. ಎಡಗಡೇದು ಬೆಳ್ಳಗಾಗಿಬಿಟ್ಟಿದೆ. ಬಹಳ ದಿನ ಒತ್ತಿದೆ ಅದನ್ನ." ಹೊರಡುವ ಮೊದಲು ಹೇಳಿದರು, "ಎರಡು ತಿಂಗಳು ಮುಂಚೆ ಬಂದಿದ್ರೆ ಅದೂ ಉಳೀತಿತ್ತೋ ಏನೋ."

ಭಾವ ಕೈ ಮುಗಿದರು. ನಾನು ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಎರಡು ತಿಂಗಳ ಹಿಂದೆ ಆಷಾಢ.

ಮಾರನೆಯ ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟರು. ಜಯಕ್ಕನ ಮೂಗಿಗೆ ಪಟ್ಟಿ ತುಂಬಿದ್ದರು. ಬಾಯಲ್ಲಿ ಉಸಿರಾಡಿ ಆಡಿ ತುಟಿ ಒಡೆದಿತ್ತು. ಮೂಗಿನ ಒಳಗೆ ಕೊರೆದ ತೂತು ಮುಚ್ಚಲು ತೊಡೆಯಿಂದ ಒಂದಿಷ್ಟು ಕೊಬ್ಬು ತೆಗೆದಿದ್ದರಿಂದ ಅಲ್ಲಿಯೂ ಕಟ್ಟು. ಡಾಕ್ಟರು ಎಡಗಣ್ಣು ಮುಚ್ಚಿಸಿ, "ಅಮ್ಮ, ನನ್ನ ಮೂಗು ನೋಡಿ. ಈ ಕಡೆ ಎಷ್ಟು?" ಎಂದರು. ಅವರ ಕೈ ಜಯಕ್ಕನ ಬಲಕ್ಕೆ, ಕಿವಿಯಿಂದ ಒಂದು ಮೊಳ ಆಚೆಗಿತ್ತು.

ಜಯಕ್ಕ ಒಡೆದ ತುಟಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಂಡರು.  ಆಮೇಲೆ ಒಣಗಿದ ಬಾಯಲ್ಲಿ ಹೇಳಿದರು: "ಮೂರು. ಅದರಿಂದಾಚೆ ಯಾರೋ ಬಾಗಿಲಲ್ಲಿ ಹಸಿರು ಬಟ್ಟೆ ಹಾಕ್ಕಂಡು ನಿಂತವ್ರೆ."

ಬಾಗಿಲಲ್ಲಿ ನಿಜಕ್ಕೂ ಒಬ್ಬ ನರ್ಸು ಹಸಿರು ಬಟ್ಟೆಯಲ್ಲಿ ನಿಂತಿದ್ದಳು. ಡಾಕ್ಟರು ನಕ್ಕರು. ಎಡಗಣ್ಣಿಗೆ ಬೆಳಕಿನ ಗುರುತಷ್ಟೇ ಸಿಕ್ಕಿತು, ಬೇರೇನೂ ಕಾಣಲಿಲ್ಲ, ಮುಂದೆಯೂ ಕಾಣಲಿಲ್ಲ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಬೆನ್ನು ನೋಯುತ್ತದೆ. ಮೂಗು ಸೀಟುವಂತಿಲ್ಲ, ಬಗ್ಗುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ತಕ್ಷಣ ಹೇಳಬೇಕು. ಕುಡಿದ ನೀರೆಷ್ಟು, ಹೋದ ನೀರೆಷ್ಟು ಎಂದು ಅಳೆದು ಬರೆಯಬೇಕು. ಬರೆಯುವುದು ನನ್ನ ಉದ್ಯೋಗವೇ ಆದರೂ ಹಾಳೆಯ ಮೇಲೆ ತಲೆ ಇಟ್ಟು ಎಷ್ಟು ಸಲ ತೂಕಡಿಸಿದೆನೋ. ನೀರಡಿಕೆಗೆ ಒಂದು ಮಾತ್ರೆ ಕೊಟ್ಟರು. ಆ ಗ್ರಂಥಿ ಮಾಡಬೇಕಿದ್ದ ಕೆಲಸಕ್ಕೆ ಇನ್ನೆರಡು. ಇವನ್ನು ಬದುಕಿರುವ ತನಕ ಒಂದು ದಿನವೂ ತಪ್ಪಿಸುವಂತಿಲ್ಲ ಅಂದರು. ಜಯಕ್ಕ, "ಬದುಕಿರೋ ತಂಕ ತಾನೇ, ತಪ್ಸಲ್ಲ" ಅಂದರು.

ಆಮೇಲೆ ಮೂರು ವಾರ ಕರೆಂಟು ಕೊಡಿಸಲು ಆಸ್ಪತ್ರೆಯ ಹತ್ತಿರವೇ ಒಂದು ಕೋಣೆಯಲ್ಲಿದ್ದೆವು. ಅನ್ನದ ರುಚಿ ಹೋಗಿತ್ತು ಅವರಿಗೆ. ಮೂಗು ವಾಸನೆ ಹಿಡಿಯುತ್ತಿರಲಿಲ್ಲ. ಸಾರು ಯಾವುದಾದರೂ ಒಂದೇ. "ಕಣ್ಣು ಬಂತು, ಮೂಗು ಹೋಯ್ತು" ಎಂದು ತಟ್ಟೆ ಸರಿಸುತ್ತಿದ್ದರು. ನಾನು ಗದರುತ್ತಿದ್ದೆ. ಅವರೂ ತಿರುಗಿ ಬಯ್ಯುತ್ತಿದ್ದರು. ಹಾಗೆ ಮಾತು ಮರಳಿತು.

ದೀಪಾವಳಿ ಕಳೆದ ಮೇಲೆ, ಕಾರ್ತಿಕದ ಎಳೆಬಿಸಿಲಿನಲ್ಲಿ ಒಂದು ದಿನ ಇಬ್ಬರೂ ಅವರ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ರಾಗಿ ಹೊಲ ಕೊಯ್ಲಿಗೆ ಬಂದಿತ್ತು. ಜಯಕ್ಕ ಎಡಗಣ್ಣಿನ ಕೊರತೆ ತುಂಬಲು ತಲೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿಕೊಂಡು ಕೂರುವುದನ್ನು ಕಲಿತಿದ್ದರು. ದಿನವೂ ಹೇಳಬೇಕೆಂದು ಬಂದು ಹೇಳದೆ ಹೋಗುತ್ತಿದ್ದ ಮಾತನ್ನು ಅಂದು ಹೇಳಿದೆ. ಆಷಾಢದಲ್ಲೇ ಅವರು ಕಂಬಕ್ಕೆ, ಬಾಗಿಲಿಗೆ ಬಡಿಯುವುದನ್ನು ನೋಡಿದ್ದೆ. ನೀರು ಕುಡಿಯುವುದನ್ನೂ ನೋಡಿದ್ದೆ. ಕೇಳಬಹುದಿತ್ತು, ಕೇಳಲಿಲ್ಲ. ಕಣ್ಣು ನೆತ್ತಿಗೇರಿದೆ ಅಂದೆ. ಡಾಕ್ಟರು ಹೇಳಿದ ಎರಡು ತಿಂಗಳ ಮಾತನ್ನೂ ಮುಚ್ಚಿಡಲಿಲ್ಲ.

ಜಯಕ್ಕ ಕೈಲಿದ್ದ ಕಾಯಿ ಸುಲಿದು ಮುಗಿಸಿದರು.

"ಅವತ್ತು ನೀನಂದದ್ದು ಕೇಳಿಸ್ತು ಕಣೇ. ಹುರುಳಿ ತುಳಿದದ್ದು ಮಾತ್ರ ದೇವ್ರಾಣೆ ಗೊತ್ತಾಗ್ಲಿಲ್ಲ. ಒಳಗೋದ್ಮೇಲೆ ಕಾಲಿಗಂಟಿದ್ದು ನೋಡಿ ತಿಳೀತು."

"ಹೇಳ್ಬೋದಾಗಿತ್ತಲ್ಲ ಅಕ್ಕ."

"ಏನಂತ ಹೇಳ್ಲಿ? ಕಣ್ಣು ಕಾಣ್ಸಲ್ಲ ಅಂತ ನಿನ್ತಾವ ಬಂದು ಹೇಳ್ಬೇಕಾ ನಾನು?" ಅವರು ನಕ್ಕರು, ನಗುವಿನಲ್ಲಿ ದಣಿವಿತ್ತು. "ಮಾರನೆ ದಿನ ಎದ್ರುಗಡೆ ಬಂದೆಯಲ್ಲ, ನಲ್ಲಿ ಹತ್ರ. ಅವತ್ತು ನೀನು ಚೆನ್ನಾಗೇ ಕಂಡೆ. ನಾನೇ ಕಾಣದೋಳಂಗೆ ಹೋದೆ. ಆಮೇಲೆ ಯಾವುದು ಕಣ್ಣು ಮಾಡಿದ್ದು, ಯಾವುದು ನಾನು ಮಾಡಿದ್ದು ಅನ್ನೋದು ನಂಗೇ ಗೊತ್ತಾಗ್ದಂಗಾಯ್ತು."

ನನಗೆ ಅಳು ಬಂತು. ಅವರು ನೋಡದವರಂತೆ ಬುಟ್ಟಿ ನನ್ನ ಕಡೆ ತಳ್ಳಿದರು. "ಎಡಗಣ್ಣಿನ ತಪ್ಪನ್ನೂ ಮನೆ ಥರ ಪಾಲು ಹಾಕ್ಕಳಣ ಬುಡು. ಅರ್ಧ ನಿಂದು, ಅರ್ಧ ನಂದು. ಈಗ ಕೈ ಆಡ್ಸು, ಹೊತ್ತಾಯ್ತು."

ಅದರ ಮೇಲೆ ಆ ವಿಷಯ ನಾವು ಎತ್ತಲಿಲ್ಲ.

ಚಳಿಗಾಲವಿಡೀ ಅವರು ಚೆನ್ನಾಗಿದ್ದರು. ಚೆನ್ನಾಗಿದ್ದರು ಎಂದರೆ ಬೆಳಿಗ್ಗೆ ಎದ್ದು ತಾವೇ ಮುಖ ತೊಳೆದು, ತಾವೇ ಸೀರೆ ನೆರಿಗೆ ಹಿಡಿದು, ತಟ್ಟೆಯಲ್ಲಿ ಕಲ್ಲು ಸಿಕ್ಕರೆ ನನ್ನನ್ನು ಬಯ್ಯುವಷ್ಟು. ಮಚ್ಚು ಹಿಡಿಯಬೇಡಿ ಅಂದರೂ ಕೇಳದೆ ಇಪ್ಪತ್ತು ಕಾಯಿ ಒಡೆದರು. ನಾಲ್ಕು ಹೋಳಾದವು. ಆ ಹೋಳುಗಳನ್ನು ಬೇರೆ ಇಟ್ಟು ಚಟ್ನಿಗೆ ಹಾಕಿಸಿದರು. ಒಂದು ದಿನ ಕಂದಿಕೆರೆಗೆ, ತಮ್ಮ ತವರಿಗೆ, ಕರೆದುಕೊಂಡು ಹೋಗು ಅಂದರು. ಬಸ್ಸಿನಲ್ಲಿ ಬಲಗಡೆಯ ಕಿಟಕಿಯೇ ಬೇಕು ಎಂದು ಹಠ. ಹುಳಿಯಾರು ರಸ್ತೆಯುದ್ದಕ್ಕೂ ಯಾರ ತೋಟದಲ್ಲಿ ಹೊಸ ಸಸಿ ಇಟ್ಟಿದ್ದಾರೆ, ಯಾರ ಮರದ ಸುಳಿ ಒಣಗಿದೆ, ಯಾರು ತಾರಸಿ ಹಾಕಿಸಿದ್ದಾರೆ ಎಂದು ನನಗೆ ನಿದ್ದೆ ಮಾಡಲು ಬಿಡದೆ ಹೇಳಿದರು. ಮಗಳು ಕೂಸನ್ನು ಕರೆತಂದಾಗ ಎತ್ತಿ ಮುದ್ದಾಡಿದ್ದಕ್ಕಿಂತ ಹೆಚ್ಚಾಗಿ, ಕೂಸನ್ನು ಮಂಚದ ಮೇಲೆ ಮಲಗಿಸಿ ದೂರ ಕೂತು ನೋಡಿದರು. "ಅಪ್ಪನ ಕಿವಿ" ಅಂದರು. ಅಷ್ಟೇ.

ಯುಗಾದಿಯ ಹೊತ್ತಿಗೆ ಏದುಸಿರು ಶುರುವಾಯಿತು. ಶ್ವಾಸಕೋಶದ ಚುಕ್ಕೆಗಳು ಹೆಚ್ಚಾಗಿದ್ದವು. ಮತ್ತೆ ಬೆಂಗಳೂರು, ಮತ್ತೆ ಬೆಂಚು. ಅದೇ ಡಾಕ್ಟರು ಕಣ್ಣು ನೋಡಿ, ಬಲಗಣ್ಣು ಗಟ್ಟಿಯಾಗಿಯೇ ಇದೆ ಅಂದರು. ಉಳಿದದ್ದನ್ನು ಬೇರೆ ಡಾಕ್ಟರು ಹೇಳಿದರು. ಇನ್ನೊಂದು ಸುತ್ತು ಇಂಜೆಕ್ಷನ್ನು ತಡೆಯುವ ಮೈಯಲ್ಲ ಇದು, ನೋವಿಗೆ, ಉಸಿರಿಗೆ ಔಷಧಿ ಕೊಡುತ್ತೇವೆ, ಮನೆಯಲ್ಲಿ ನೋಡಿಕೊಳ್ಳಿ ಎಂದರು. ಜಯಕ್ಕ, "ನಡೀರಿ ಹೋಗಣ" ಎಂದು ಮೊದಲು ಎದ್ದವರು ತಾವೇ.

ಮಂಚವನ್ನು ಪಡಸಾಲೆಗೆ ಹಾಕಿಸಿ, ಬೀದಿ ಕಾಣುವ ಹಾಗೆ ತಲೆದಿಂಬು ಇಡಿಸಿಕೊಂಡರು. ಬೇಸಿಗೆಯಿಡೀ ಅಲ್ಲೇ. ನಾನು ಅಂಚೆ ಕಚೇರಿಯಿಂದ ಬರುವಷ್ಟರಲ್ಲಿ, ಯಾರು ಎಷ್ಟು ಹೊತ್ತಿಗೆ ಹೋದರು, ಯಾರ ಕೈಲಿ ಏನಿತ್ತು ಎಂಬ ವರದಿ ತಯಾರಿರುತ್ತಿತ್ತು. ಮಾತಾಡಲು ಉಸಿರು ಸಾಲದಾದಾಗ ಬೆರಳು ಮಾಡಿ ತೋರಿಸುತ್ತಿದ್ದರು. ಆಷಾಢ ಹುಟ್ಟುವ ಮೊದಲೇ, ಒಂದು ಮಧ್ಯಾಹ್ನ, ನಾನು ತುಟಿಗೆ ನೀರು ಹಚ್ಚುತ್ತಿದ್ದಾಗ ಹೋದರು. ಅದಕ್ಕೆ ಮುಂಚಿನ ಹದಿನೈದು ದಿನ ಹೆಚ್ಚಿನ ಹೊತ್ತು ನಿದ್ದೆಯಲ್ಲಿದ್ದರು. ಆದರೆ ಎಚ್ಚರವಾದಾಗಲೆಲ್ಲ ನನ್ನ ಗುರುತು ಹಿಡಿಯುತ್ತಿದ್ದರು. ಆಪರೇಷನ್ನು ಆಗಿ ಒಂಬತ್ತು ತಿಂಗಳಾಗಿತ್ತು.

ಹನ್ನೊಂದನೆಯ ದಿನ ತಿಥಿಗೆ ಕಂದಿಕೆರೆಯಿಂದ ಅವರ ಸೋದರಮಾವ ಬಂದಿದ್ದರು. ಮೊದಲ ಪಂಕ್ತಿಯ ಊಟ ಮುಗಿದು ಗಂಡಸರು ಚಪ್ಪರದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಬಾಗಿಲಲ್ಲಿದ್ದೆ. ಆ ಹಿರಿಯರು, ಕೆಟ್ಟ ಮನಸ್ಸಿನಿಂದಲ್ಲ, ನಿಟ್ಟುಸಿರು ಬಿಟ್ಟು ಹೇಳಿದರು: "ಹೆಂಗೂ ಉಳಿಯೋ ಜೀವ ಅಲ್ಲ ಅಂತ ಡಾಕ್ಟ್ರೇ ಹೇಳಿದ್ರಂತೆ. ಅಂಥದ್ರಲ್ಲಿ ಮೂಗು ಕೊರೆಸಿ, ತೊಡೆ ಕೊಯ್ಸಿ, ಆ ಹೆಣ್ಣುಮಗಳಿಗೆ ಸುಮ್ನೆ ಹಿಂಸೆ ಕೊಟ್ರಿ ಶಿವಣ್ಣ."

ಅದಕ್ಕೊಂದು ಉತ್ತರ ಹೇಳಬೇಕೆಂದು ನನಗೆ ಅನ್ನಿಸಿತು. ಆದರೆ ಹತ್ತು ದಿನದಿಂದ ನಿದ್ದೆ ಇರಲಿಲ್ಲ, ಒಂದು ವರ್ಷದಿಂದ ಬಿಡುವಿರಲಿಲ್ಲ. ಹೊಂಗೆ ಮರದ ಕೆಳಗೆ ಬೇಡ ಅಂದಿದ್ದ ಭಾವ ಏನು ಹೇಳುತ್ತಾರೋ ಎಂದು ಅವರ ಕಡೆ ನೋಡಿದೆ.

ಭಾವ ತಲೆ ಎತ್ತದೆ ಹೇಳಿದರು. "ಹಂಗಲ್ಲ ಮಾವ. ಸಂಕ್ರಾಂತಿ ದಿನ ಬೆಳಿಗ್ಗೆ ಎಳ್ಳುಬೆಲ್ಲ ಕೊಡಾಕೆ ಬಂದ್ಲು. ಕೊಟ್ಟು ಹಂಗೇ ನಿಂತ್ಕಂಡ್ಲು. ಏನೇ ಅಂದೆ. ನಿಮ್ ಗಡ್ಡ ಎಲ್ಲ ಬೆಳ್ಳಗಾಗೈತೆ, ನಾನು ನೋಡೇ ಇರ್ಲಿಲ್ಲ ಅಂದ್ಲು. ಅಂದು ಇನ್ನೂ ಒಸಿ ಹೊತ್ತು ನೋಡ್ತಾ ನಿಂತಿದ್ಲು. ಮದ್ವೆಯಾಗಿ ಮೂವತ್ತು ವರ್ಷದಾಗೆ ಅವ್ಳು ನನ್ ಮುಖ ಅಷ್ಟೊತ್ತು ನೋಡಿದ್ದು ಅದೇ ಮೊದ್ಲು."

 ಭಾವ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು, ಎರಡನೆಯ ಪಂಕ್ತಿಗೆ ಎಲೆ ಹಾಕಲು ಹೋದರು. ನಾನು ಒಳಗೆ ಹೋಗಿ ಅನ್ನದ ತಪ್ಪಲೆ ಎತ್ತಿಕೊಂಡೆ.